ಬರ್ಕ್ಲಿಯ ಹಾಸ್ ಬಿಸಿನೆಸ್ ಪದವಿ: ಬಾಗಿಲು, ಬೆಲೆ ಮತ್ತು ಒಳಗಿನ ಓದು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿರುವ ಹಾಸ್ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕುತ್ತೇನೆಂದು ಮಗ ಹೇಳಿದ ದಿನದಿಂದ ಸುಮಾರು ಎಂಟು ತಿಂಗಳು ನಾನು ಅಲ್ಲಿನ ಪದವಿ ಕೋರ್ಸನ್ನು ಒಂದು ಕಂಪನಿಯ ಲೆಕ್ಕಪತ್ರ ಪರಿಶೀಲಿಸುವ ಹಾಗೆ ಪರಿಶೀಲಿಸಿದ್ದೇನೆ. ಲೆಕ್ಕಪರಿಶೋಧನೆಯೇ ನನ್ನ ವೃತ್ತಿಯಾದ್ದರಿಂದ ಬೇರೆ ರೀತಿಯಲ್ಲಿ ನೋಡಲು ನನಗೆ ಬರುವುದೂ ಇಲ್ಲ. ಪಠ್ಯಕ್ರಮದ ವಿವರಗಳನ್ನು ಓದಿದೆ, ಶುಲ್ಕದ ಪಟ್ಟಿಯನ್ನು ಸಾಲು ಸಾಲಾಗಿ ಕೂಡಿದೆ, ಎರಡು ಸಲ ಕ್ಯಾಂಪಸ್ಸಿಗೆ ಹೋಗಿ ಬಂದೆ, ಅಲ್ಲಿ ಓದುತ್ತಿರುವ ಪರಿಚಯದ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸಿದೆ. ಆದ್ದರಿಂದ ಇದು ಅಲ್ಲಿ ಓದಿ ಮುಗಿಸಿದವಳ ಅನುಭವವಲ್ಲ. ದೊಡ್ಡ ಮೊತ್ತವೊಂದನ್ನು, ಅದಕ್ಕಿಂತ ಮುಖ್ಯವಾಗಿ ಮಗನ ನಾಲ್ಕು ವರ್ಷಗಳನ್ನು, ಒಂದು ಕಡೆ ಇಡುವ ಮುನ್ನ ತಾಯಿಯೊಬ್ಬಳು ಮಾಡಿದ ಪರಿಶೀಲನೆ. ಈ ರಾಜ್ಯದಲ್ಲಿರುವ ಕನ್ನಡದ ಕುಟುಂಬಗಳಿಗೂ ಊರಿನಿಂದ ಮಕ್ಕಳನ್ನು ಕಳಿಸಬೇಕೆಂದು ಯೋಚಿಸುತ್ತಿರುವವರಿಗೂ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಈ ಪರಿಶೀಲನೆಯ ಹಿಂದೆ ನಮ್ಮ ಮನೆಯ ಒಂದು ಹಳೆಯ ನೋವಿದೆ, ಅದನ್ನು ಮೊದಲು ಹೇಳಿಬಿಡಬೇಕು. ನನ್ನ ಮಗಳು ಬೇರೊಂದು ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಅಲ್ಲಿ ಬಿಸಿನೆಸ್ ಓದಬೇಕೆನ್ನುವವರು ಮೊದಲು ವಿಶ್ವವಿದ್ಯಾಲಯಕ್ಕೆ ಸೇರಿ, ಒಂದೂವರೆ ವರ್ಷ ಪೂರ್ವಭಾವಿ ವಿಷಯಗಳನ್ನು ಮುಗಿಸಿ, ಆಮೇಲೆ ಬಿಸಿನೆಸ್ ಸ್ಕೂಲಿಗೆ ಇನ್ನೊಮ್ಮೆ ಅರ್ಜಿ ಹಾಕಬೇಕಿತ್ತು. ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಬಿಸಿನೆಸ್ಸಿಗೂ ಸೇರಿದಂತೆಯೇ ಎಂದು ನಾವು ತಿಳಿದುಕೊಂಡಿದ್ದೆವು. ಎರಡನೆಯ ವರ್ಷದ ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಅವಳಿಗೆ ನಾಲ್ಕು ಸಾಲಿನ ಇಮೇಲ್ ಬಂತು. ಸೀಟು ಸಿಕ್ಕಿರಲಿಲ್ಲ. ಸಲಹೆ ಕೊಡುವ ಕಚೇರಿಯಲ್ಲಿ ಕೇಳಿದರೆ, ಬೇರೆ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಯಾವುದೆಂದು ಇನ್ನು ಹತ್ತು ದಿನಗಳಲ್ಲಿ ತಿಳಿಸಬೇಕು ಎಂದಷ್ಟೇ ಹೇಳಿದರು. ಅಂಕಗಳು ಚೆನ್ನಾಗಿದ್ದವು, ಇನ್ನೊಂದು ದಾರಿಯನ್ನು ಯೋಚಿಸಿಟ್ಟುಕೊಳ್ಳಬೇಕು ಎಂಬ ಮಾತನ್ನು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ, ಹೆತ್ತವರಾದ ನಾವೂ ಹೇಳಿರಲಿಲ್ಲ. ಅವಳು ಸಂಖ್ಯಾಶಾಸ್ತ್ರ ಓದಿ ಈಗ ಒಳ್ಳೆಯ ಕೆಲಸದಲ್ಲಿದ್ದಾಳೆ. ಆದರೆ ಆ ಹತ್ತು ದಿನಗಳ ನೆನಪು ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಯಾವುದೇ ಸಾರ್ವಜನಿಕ ವಿಶ್ವವಿದ್ಯಾಲಯದ ಬಿಸಿನೆಸ್ ಕೋರ್ಸನ್ನು ನೋಡುವಾಗ ನಾನು ರ‍್ಯಾಂಕ್ ನೋಡುವುದಕ್ಕೆ ಮೊದಲು ಬಾಗಿಲು ಎಲ್ಲಿದೆ, ಅದು ಯಾವ ವರ್ಷದಲ್ಲಿ ತೆರೆಯುತ್ತದೆ, ಒಳಗೆ ಹೋಗಲಾಗದವರಿಗೆ ಏನು ಉಳಿಯುತ್ತದೆ ಎಂದು ನೋಡುತ್ತೇನೆ.

ಹಾಸ್‌ನಲ್ಲಿ ಇತ್ತೀಚೆಗೆ ಬದಲಾಗಿರುವುದು ಈ ಬಾಗಿಲೇ. ದೀರ್ಘಕಾಲ ಅಲ್ಲಿಯ ಪದವಿ ಓದು ಎರಡೇ ವರ್ಷದ್ದಾಗಿತ್ತು: ಬರ್ಕ್ಲಿಯ ಬೇರೆ ಕಾಲೇಜಿನಲ್ಲಿ ಎರಡು ವರ್ಷ ಓದಿ, ಎರಡನೆಯ ವರ್ಷದಲ್ಲಿ ಅರ್ಜಿ ಹಾಕಿ, ಆಯ್ಕೆಯಾದರೆ ಮೂರನೆಯ ವರ್ಷಕ್ಕೆ ಒಳಗೆ ಬರಬೇಕು. ಅರ್ಜಿ ಹಾಕುವವರೆಲ್ಲ ಈಗಾಗಲೇ ಬರ್ಕ್ಲಿಯಲ್ಲಿ ಸೀಟು ಪಡೆದ ಬುದ್ಧಿವಂತರಾಗಿದ್ದರೂ ಅವರಲ್ಲಿ ಬಹಳ ಮಂದಿ ಹೊರಗೇ ಉಳಿಯುತ್ತಿದ್ದರು. 2024ರ ಆಗಸ್ಟ್‌ನಿಂದ ಅದು ನಾಲ್ಕು ವರ್ಷದ ಕೋರ್ಸಾಗಿದೆ. ಇದಕ್ಕೆ ಹಳೆಯ ವಿದ್ಯಾರ್ಥಿಗಳಾದ ನೆಡ್ ಮತ್ತು ಕ್ಯಾರೊಲ್ ಸ್ಪೀಕರ್ ದಂಪತಿ 3 ಕೋಟಿ ಡಾಲರ್ ದಾನ ಕೊಟ್ಟಿದ್ದರಿಂದ ಕೋರ್ಸಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಈಗ ಹನ್ನೆರಡನೆಯ ತರಗತಿಯ ವಿದ್ಯಾರ್ಥಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗಲೇ ಬಿಸಿನೆಸ್ ಎಂದು ಬರೆದು, ಸೀಟು ಸಿಕ್ಕರೆ ಮೊದಲ ದಿನದಿಂದಲೇ ಹಾಸ್‌ನ ವಿದ್ಯಾರ್ಥಿಯಾಗುತ್ತಾನೆ.

ನಮ್ಮ ಮನೆಯ ಕಥೆಯನ್ನು ಕೇಳಿದವರು ನಾನು ಈ ಬದಲಾವಣೆಯನ್ನು ಪೂರ್ತಿಯಾಗಿ ಮೆಚ್ಚುತ್ತೇನೆಂದು ಭಾವಿಸಬಹುದು. ಮುಖ್ಯವಾದ ಒಂದು ಅಂಶದಲ್ಲಿ ಖಂಡಿತ ಮೆಚ್ಚುತ್ತೇನೆ. ಹಳೆಯ ವ್ಯವಸ್ಥೆಯಲ್ಲಿ ಮೊದಲ ಎರಡು ವರ್ಷಗಳ ಓದೆಲ್ಲ ಅರ್ಜಿಗಾಗಿ ನಡೆಯುವ ಓದಾಗಿಬಿಡುತ್ತಿತ್ತು; ಕಷ್ಟದ ವಿಷಯವನ್ನು ಕುತೂಹಲಕ್ಕಾಗಿ ತೆಗೆದುಕೊಂಡು ಒಂದು ಗ್ರೇಡ್ ಕಡಿಮೆಯಾದರೆ ಎಂಬ ಭಯಕ್ಕೆ ಮಕ್ಕಳು ಸುರಕ್ಷಿತ ವಿಷಯಗಳನ್ನೇ ಆರಿಸಿಕೊಳ್ಳುತ್ತಿದ್ದರು. ಹಾಸ್‌ನಲ್ಲಿ ಹಳೆಯ ಪದ್ಧತಿಯಂತೆ ಓದಿದ ಒಬ್ಬ ಹುಡುಗಿ, ತನಗೆ ಭಾಷಾಶಾಸ್ತ್ರದ ತರಗತಿಯೊಂದಕ್ಕೆ ಹೋಗುವ ಆಸೆ ಇದ್ದರೂ ಮೂರನೆಯ ವರ್ಷದವರೆಗೆ ಧೈರ್ಯ ಮಾಡಲಿಲ್ಲ ಎಂದು ನನಗೆ ಹೇಳಿದಳು. ಈಗ ಮೊದಲ ವರ್ಷದಲ್ಲೇ ಆ ಧೈರ್ಯ ಮಾಡಬಹುದು. ಮೊದಲ ಬೇಸಿಗೆಯ ಇಂಟರ್ನ್‌ಶಿಪ್ ಹುಡುಕುವ ಹೊತ್ತಿಗೆ ಕೈಯಲ್ಲಿ ಲೆಕ್ಕಶಾಸ್ತ್ರವೂ ಇರುತ್ತದೆ. ವಿದೇಶದಲ್ಲಿ ಒಂದು ಸೆಮಿಸ್ಟರ್ ಕಳೆಯಲು ನಾಲ್ಕು ವರ್ಷದ ಲೆಕ್ಕಾಚಾರದಲ್ಲಿ ಜಾಗವೂ ಸಿಗುತ್ತದೆ.

ಆದರೆ ಹಳೆಯ ಬಾಗಿಲಿಗೆ ಒಂದು ಗುಣವಿತ್ತು, ಅದನ್ನು ಮರೆಯಬಾರದು. ಹದಿನೇಳರ ವಯಸ್ಸಿನಲ್ಲಿ ತನಗೆ ವ್ಯವಹಾರಶಾಸ್ತ್ರ ಬೇಕೆಂದು ಖಚಿತವಾಗಿ ಹೇಳಬಲ್ಲ ಮಗು ಸಾಮಾನ್ಯವಾಗಿ ಆ ಮಾತುಗಳು ಊಟದ ಹೊತ್ತಿನಲ್ಲಿ ನಡೆಯುವ ಮನೆಯಿಂದ ಬಂದಿರುತ್ತದೆ. ಎರಡು ವರ್ಷ ಇತಿಹಾಸವನ್ನೋ ರಸಾಯನಶಾಸ್ತ್ರವನ್ನೋ ಓದಿ, ಆಮೇಲೆ ತನ್ನ ಒಲವು ಇಲ್ಲಿದೆ ಎಂದು ಕಂಡುಕೊಳ್ಳುವ ವಿದ್ಯಾರ್ಥಿಗೂ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಜಾಗವಿರಬೇಕು. ಮುಖ್ಯ ಬಾಗಿಲು ಈಗ ಹೈಸ್ಕೂಲಿನ ಕೊನೆಗೆ ಬಂದು ನಿಂತಿರುವುದರಿಂದ ಅಂಥವರ ದಾರಿ ಕಿರಿದಾಗಿದೆ. ನನ್ನ ಮಗನಂಥವನಿಗೆ ಆದ ಲಾಭವನ್ನು ಬೇರೆ ಯಾರೋ ತೆತ್ತಿದ್ದಾರೆ ಎಂಬ ಅರಿವು ನನಗಿದೆ, ಮತ್ತು ಹಾಸ್ ಇದನ್ನು ಮುಂದಿನ ವರ್ಷಗಳಲ್ಲಿ ಹೇಗೆ ಸರಿದೂಗಿಸುತ್ತದೆ ಎಂಬುದರ ಮೇಲೆ ನನ್ನ ಅಭಿಪ್ರಾಯವೂ ನಿಂತಿದೆ.

ಉಳಿದಿರುವ ಇನ್ನೊಂದು ಬಾಗಿಲು ಸಮುದಾಯ ಕಾಲೇಜಿನದು, ಮತ್ತು ನಮ್ಮವರು ಇದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾ 1960ರಲ್ಲಿ ಒಪ್ಪಿಕೊಂಡ ಉನ್ನತ ಶಿಕ್ಷಣದ ಮಹಾಯೋಜನೆಯ ಪ್ರಕಾರ ರಾಜ್ಯದಲ್ಲಿ ಹೈಸ್ಕೂಲು ಮುಗಿಸಿದವರಲ್ಲಿ ಓದಿನಲ್ಲಿ ಮುಂದಿರುವ ಎಂಟನೆಯ ಒಂದು ಭಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬರಬೇಕು, ಸಮುದಾಯ ಕಾಲೇಜುಗಳು ಎಲ್ಲರಿಗೂ ತೆರೆದಿರಬೇಕು, ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಬರಬಹುದು. ಹಾಸ್ ಕೂಡ ಹೀಗೆ ಬಂದವರನ್ನು ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತದೆ. ಅವರ ಪದವಿ ಪತ್ರದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ, ಮೊದಲ ಎರಡು ವರ್ಷದ ಖರ್ಚು ಮಾತ್ರ ಬಹಳ ಕಡಿಮೆಯಾಗಿರುತ್ತದೆ. ನಮ್ಮ ಸಮುದಾಯದಲ್ಲಿ ಸಮುದಾಯ ಕಾಲೇಜೆಂದರೆ ಸೋತವರ ದಾರಿ ಎಂಬ ಭಾವನೆ ಇದೆ. ಅದು ತಪ್ಪು. ನಾನು ಮಾತಾಡಿಸಿದ ಮಕ್ಕಳಲ್ಲಿ ತನಗೆ ಏನು ಬೇಕೆಂದು ಅತ್ಯಂತ ಸ್ಪಷ್ಟವಾಗಿ ಹೇಳಿದವನು ಹೀಗೆ ವರ್ಗವಾಗಿ ಬಂದವನೇ. ಹಗಲು ಗೋದಾಮಿನಲ್ಲಿ ದಾಸ್ತಾನು ಎಣಿಸುವ ಕೆಲಸ ಮಾಡುತ್ತ ಸಂಜೆ ಲೆಕ್ಕಶಾಸ್ತ್ರದ ತರಗತಿಗೆ ಹೋಗುತ್ತಿದ್ದವನು.

ಇನ್ನು ಒಳಗಿನ ಓದಿನ ವಿಚಾರ. ಹಾಸ್ 1898ರಲ್ಲಿ ವಾಣಿಜ್ಯ ಕಾಲೇಜೆಂಬ ಹೆಸರಿನಲ್ಲಿ ಶುರುವಾಯಿತು. ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ ಮೊದಲ ಬಿಸಿನೆಸ್ ಸ್ಕೂಲ್ ಅದು. ಅದಕ್ಕೆ ಮೂಲಧನವಾದದ್ದು ಕೋರಾ ಜೇನ್ ಫ್ಲಡ್ ಎಂಬ ಮಹಿಳೆ ಕೊಟ್ಟ ಆಸ್ತಿ. ಈಗಿನ ಹೆಸರು 1989ರಲ್ಲಿ ಬಂತು, ಲೀವೈ ಸ್ಟ್ರಾಸ್ ಕಂಪನಿಯನ್ನು ನಡೆಸಿದ್ದ ವಾಲ್ಟರ್ ಹಾಸ್ ಅವರ ನೆನಪಿಗೆ. ಪದವಿಗೆ 120 ಯೂನಿಟ್, ಅಂದರೆ ಕ್ರೆಡಿಟ್, ಬೇಕು. ತಿರುಳಿನ ವಿಷಯಗಳು ಎಲ್ಲ ಒಳ್ಳೆಯ ಬಿಸಿನೆಸ್ ಸ್ಕೂಲುಗಳಲ್ಲಿ ಇರುವಂಥವೇ: ಹಣಕಾಸು ಲೆಕ್ಕಶಾಸ್ತ್ರ, ನಿರ್ವಹಣಾ ಲೆಕ್ಕಶಾಸ್ತ್ರ, ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ, ಹಣಕಾಸು, ಮಾರುಕಟ್ಟೆ, ದತ್ತಾಂಶ ವಿಶ್ಲೇಷಣೆ, ಜನರನ್ನು ಮುನ್ನಡೆಸುವುದು, ವ್ಯವಹಾರದ ಬರವಣಿಗೆ. ವಿಷಯಗಳ ಹೆಸರು ನೋಡಿ ಒಂದು ಕೋರ್ಸನ್ನು ಅಳೆಯಲಾಗುವುದಿಲ್ಲ. ಅವುಗಳ ಹಿಂದೆ ಎಂಥ ಆಲೋಚನೆಯ ಪರಂಪರೆ ಇದೆ ಎಂದು ನೋಡಬೇಕು, ಮತ್ತು ಹಾಸ್ ನನ್ನ ಮಟ್ಟಿಗೆ ಗಟ್ಟಿಯಾಗಿ ನಿಲ್ಲುವುದು ಅಲ್ಲಿಯೇ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಕಾರ್ಖಾನೆಗೆ ಒಂದು ಬಿಡಿಭಾಗ ಬೇಕಾಗಿದೆ. ಅದನ್ನು ತಾನೇ ತಯಾರಿಸಬೇಕೋ ಹೊರಗಿನವರಿಂದ ಕೊಳ್ಳಬೇಕೋ? ಲೆಕ್ಕಶಾಸ್ತ್ರದ ಪುಸ್ತಕ ಎರಡೂ ಕಡೆಯ ವೆಚ್ಚವನ್ನು ಅಕ್ಕಪಕ್ಕ ಬರೆದು ಕಡಿಮೆಯಿರುವುದನ್ನು ಆರಿಸು ಎನ್ನುತ್ತದೆ. ಹಾಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದು 2009ರಲ್ಲಿ ಎಲಿನಾರ್ ಆಸ್ಟ್ರಮ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಆಲಿವರ್ ವಿಲಿಯಮ್‌ಸನ್ ಕೇಳಿದ ಪ್ರಶ್ನೆ ಬೇರೆ: ಆ ಬಿಡಿಭಾಗಕ್ಕಾಗಿ ಪೂರೈಕೆದಾರ ಬೇರೆ ಯಾರಿಗೂ ಉಪಯೋಗವಾಗದ ಒಂದು ವಿಶೇಷ ಅಚ್ಚನ್ನು ಮಾಡಿಸಬೇಕಾದರೆ, ಮಾಡಿಸಿದ ಮರುದಿನದಿಂದ ಇಬ್ಬರ ಸಂಬಂಧ ಏನಾಗುತ್ತದೆ? ಮುಂದೆ ಬರಬಹುದಾದ ಎಲ್ಲ ಸಂದರ್ಭಗಳನ್ನು ಯಾವ ಒಪ್ಪಂದವೂ ಮೊದಲೇ ಬರೆದಿಡಲಾರದು. ಬರೆಯದೆ ಬಿಟ್ಟ ಜಾಗದಲ್ಲಿ ಒಬ್ಬರು ಇನ್ನೊಬ್ಬರ ಕೈ ಕಟ್ಟಿಹಾಕಬಹುದು. ನನ್ನ ವೃತ್ತಿಯಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಹನ್ನೊಂದು ಪುಟದ ಒಂದು ಖರೀದಿ ಒಪ್ಪಂದ, ಬೆಲೆ, ಗಡುವು, ತೂಕ, ಪ್ಯಾಕಿಂಗ್ ಎಲ್ಲವೂ ಅದರಲ್ಲಿತ್ತು. ಅಚ್ಚು ಯಾರಿಗೆ ಸೇರಿದ್ದು ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಮೂರನೆಯ ವರ್ಷ ಪೂರೈಕೆದಾರ ಬೆಲೆ ಏರಿಸಿದಾಗ ಕೊಳ್ಳುವವನಿಗೆ ಬೇರೆ ಕಡೆ ಹೋಗಲು ದಾರಿಯೇ ಇರಲಿಲ್ಲ, ಏಕೆಂದರೆ ಅಚ್ಚು ಪೂರೈಕೆದಾರನ ಶೆಡ್ಡಿನಲ್ಲಿತ್ತು. ಇಪ್ಪತ್ತು ವರ್ಷದ ಪದವೀಧರ ಒಂದು ಒಪ್ಪಂದ ಓದುವಾಗ ಆ ಇಲ್ಲದ ಸಾಲನ್ನು ಹುಡುಕುವಂತೆ ಕಲಿತರೆ, ಶುಲ್ಕದ ಬಹುಭಾಗ ಅಲ್ಲಿಯೇ ಸಂದಂತೆ.

ಅದೇ ಸ್ಕೂಲಿನ ಜಾನ್ ಹರ್ಸಾನಿಯವರು 1994ರಲ್ಲಿ ಜಾನ್ ನ್ಯಾಶ್ ಮತ್ತು ರೈನ್‌ಹಾರ್ಡ್ ಸೆಲ್ಟನ್ ಅವರೊಂದಿಗೆ ನೊಬೆಲ್ ಪಡೆದರು. ಎದುರಿನವನ ಮನಸ್ಸಿನಲ್ಲಿ ಏನಿದೆ ಎಂದು ಪೂರ್ತಿ ತಿಳಿಯದಿರುವಾಗ ಹೇಗೆ ನಿರ್ಧರಿಸಬೇಕು ಎಂಬುದು ಅವರ ಕೆಲಸದ ವಿಷಯ. ಹರಾಜು, ಟೆಂಡರ್, ವಿಮೆ ಇವೆಲ್ಲದರ ಹಿಂದಿರುವ ಪ್ರಶ್ನೆಯೂ ಅದೇ. ಅಮೆರಿಕದ ಖಜಾನೆ ಕಾರ್ಯದರ್ಶಿಯಾಗಿದ್ದ ಜಾನೆಟ್ ಯೆಲೆನ್ ಇಲ್ಲಿ ದೀರ್ಘಕಾಲ ಪಾಠ ಮಾಡಿದವರು. ಕಂಪನಿಗಳು ಹೊಸ ಆಲೋಚನೆಗಳಿಗಾಗಿ ತಮ್ಮ ಗೋಡೆಯ ಹೊರಗೂ ನೋಡಬೇಕೆಂದು ಬರೆದ ಹೆನ್ರಿ ಚೆಸ್ಬ್ರೊ ಕೂಡ ಇಲ್ಲಿಯವರೇ. ಇಂಥ ಹೆಸರುಗಳನ್ನು ಎಲ್ಲ ವಿಶ್ವವಿದ್ಯಾಲಯಗಳೂ ತಮ್ಮ ಕಿರುಹೊತ್ತಗೆಯಲ್ಲಿ ಹಾಕಿಕೊಳ್ಳುತ್ತವೆ, ಮತ್ತು ನೊಬೆಲ್ ಪಡೆದವರು ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುತ್ತಾರೆಂದು ನಂಬಿ ಯಾರೂ ಹೋಗಬಾರದು. ಹರ್ಸಾನಿ 2000ದಲ್ಲೂ ವಿಲಿಯಮ್‌ಸನ್ 2020ರಲ್ಲೂ ತೀರಿಕೊಂಡಿದ್ದಾರೆ. ನಾನು ಹೇಳುತ್ತಿರುವುದು ಅವರು ಬಿಟ್ಟುಹೋದ ಒಲವಿನ ಬಗ್ಗೆ: ಈ ಸ್ಕೂಲು ವ್ಯವಹಾರವನ್ನು ಅರ್ಥಶಾಸ್ತ್ರ ಮತ್ತು ಸಮಾಜದ ಸಂಸ್ಥೆಗಳ ಮೂಲಕ ನೋಡುತ್ತದೆ, ಮಾರಾಟದ ಚಾತುರ್ಯವಾಗಿ ಅಲ್ಲ. ವ್ಯವಹಾರದ ಸಾಮಾಜಿಕ, ರಾಜಕೀಯ ಮತ್ತು ನೈತಿಕ ಪರಿಸರ ಎಂಬ ವಿಷಯವನ್ನು ತಿರುಳಿನ ಭಾಗವಾಗಿಯೇ ಬೋಧಿಸುತ್ತ ಬಂದಿರುವುದು, 1958ರಿಂದ ಕ್ಯಾಲಿಫೋರ್ನಿಯಾ ಮ್ಯಾನೇಜ್‌ಮೆಂಟ್ ರಿವ್ಯೂ ಎಂಬ ಪತ್ರಿಕೆಯನ್ನು ಹೊರತರುತ್ತಿರುವುದು ಇದಕ್ಕೆ ಸಾಕ್ಷಿ.

ಸ್ಕೂಲು 2010ರಲ್ಲಿ ನಾಲ್ಕು ತತ್ವಗಳನ್ನು ತನ್ನ ಗುರುತಾಗಿ ಬರೆದುಕೊಂಡಿತು: ಇರುವುದನ್ನು ಪ್ರಶ್ನಿಸುವುದು, ಗರ್ವವಿಲ್ಲದ ಆತ್ಮವಿಶ್ವಾಸ, ಸದಾ ವಿದ್ಯಾರ್ಥಿಯಾಗಿರುವುದು, ತನ್ನಾಚೆಗೆ ನೋಡುವುದು. ಆಗ ಡೀನ್ ಆಗಿದ್ದ ರಿಚ್ ಲೈಯನ್ಸ್ 1982ರಲ್ಲಿ ಇದೇ ಸ್ಕೂಲಿನಿಂದ ಪದವಿ ಪಡೆದವರು; 2024ರ ಜುಲೈನಿಂದ ಅವರು ಇಡೀ ಬರ್ಕ್ಲಿ ಕ್ಯಾಂಪಸ್ಸಿನ ಚಾನ್ಸಲರ್, ಅಂದರೆ ಮುಖ್ಯಸ್ಥರು. ಗೋಡೆಯ ಮೇಲಿನ ತತ್ವಗಳನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಆದರೆ ನಾನು ಮಾತಾಡಿಸಿದ ಐದು ಮಕ್ಕಳಲ್ಲಿ ನಾಲ್ವರು ಯಾವುದೋ ಗುಂಪು ಕೆಲಸದ ಜಗಳವನ್ನು ವಿವರಿಸುವಾಗ ಎರಡನೆಯ ತತ್ವವನ್ನು ತಾವಾಗಿಯೇ ಎತ್ತಿದರು. ಅಷ್ಟರ ಮಟ್ಟಿಗೆ ಅದು ಅವರ ಆಡುಮಾತಿಗೆ ಇಳಿದಿದೆ.

ಕಟ್ಟಡಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚಾರ್ಲ್ಸ್ ಮೂರ್ ವಿನ್ಯಾಸ ಮಾಡಿದ, 1995ರಲ್ಲಿ ತೆರೆದ ಮೂರು ಕಟ್ಟಡಗಳು ಒಂದು ಅಂಗಳವನ್ನು ಸುತ್ತುವರಿದಿವೆ. ಪೂರ್ವಕ್ಕೆ ಕ್ರೀಡಾಂಗಣ, ಅದರ ಹಿಂದೆ ಬೆಟ್ಟ. 2017ರಲ್ಲಿ ಚೌ ಹಾಲ್ ಸೇರಿಕೊಂಡಿತು. ಅಧ್ಯಾಪಕರ ಕೊಠಡಿಗಳಿಲ್ಲದೆ ಪೂರ್ತಿ ತರಗತಿ ಮತ್ತು ವಿದ್ಯಾರ್ಥಿಗಳ ಓದಿಗೆಂದೇ ಕಟ್ಟಿದ್ದು, ಕಸದಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಹೆಚ್ಚನ್ನು ಭೂಮಿಗೆ ಹೂಳದೆ ಮರುಬಳಕೆಗೆ ಅಥವಾ ಗೊಬ್ಬರಕ್ಕೆ ಕಳಿಸುತ್ತದೆ. ನಾನು ಅಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದಾಗ ಗಮನಿಸಿದ್ದು ಬೇರೆ: ನಾಲ್ಕು ಮಕ್ಕಳು ಗಾಜಿನ ಗೋಡೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಯಾವುದೋ ಕಂಪನಿಯ ನಗದು ಹರಿವನ್ನು ಬರೆಯುತ್ತಿದ್ದರು. ಸವಕಳಿಯನ್ನು, ಅಂದರೆ ಆಸ್ತಿಯ ಮೌಲ್ಯ ವರ್ಷ ವರ್ಷ ಇಳಿಯುವುದಕ್ಕೆ ಕಳೆದ ಮೊತ್ತವನ್ನು, ಎಲ್ಲಿ ವಾಪಸು ಕೂಡಿಸಬೇಕೆಂದು ಇಬ್ಬರಲ್ಲಿ ವಾದ. ಸರಿಯಾಗಿ ಹೇಳುತ್ತಿದ್ದ ಹುಡುಗಿ ಒರೆಸಿ ತಾನೇ ಬರೆದುಬಿಡಬಹುದಿತ್ತು. ಬದಲಿಗೆ ಪೆನ್ನನ್ನು ಅವನ ಕೈಗೆ ಕೊಟ್ಟು, ಒಂದು ವರ್ಷ ಮುಂದಕ್ಕೆ ಲೆಕ್ಕ ಹಾಕಿ ನೋಡು ಎಂದಳು. ಎರಡು ನಿಮಿಷದಲ್ಲಿ ಅವನೇ ಅಂಕಿಯನ್ನು ತಿದ್ದಿದ. ಬ್ಯಾಲೆನ್ಸ್ ಶೀಟಿನ ಎರಡು ಬದಿ ಹೊಂದಿದಾಗ ಆಗುವ ಸಮಾಧಾನ ನನಗಾಯಿತು.

ಕೊರತೆಗಳೂ ಇವೆ, ಅವು ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡೇ ಬರುವಂಥವು. ಆರಂಭದ ವಿಷಯಗಳ ತರಗತಿಗಳು ದೊಡ್ಡವು; ಉಪನ್ಯಾಸವನ್ನು ಪ್ರಾಧ್ಯಾಪಕರು ಮಾಡಿದರೂ, ಸಣ್ಣ ಗುಂಪಿನ ಚರ್ಚೆ ಮತ್ತು ಉತ್ತರ ಪತ್ರಿಕೆ ತಿದ್ದುವುದರಲ್ಲಿ ಹೆಚ್ಚಿನ ಪಾಲು ಬೋಧನಾ ಸಹಾಯಕರದು. ಈ ಸಹಾಯಕರು ಸಂಬಳ ಸಾಲದೆಂದು 2022ರ ನವೆಂಬರ್‌ನಲ್ಲಿ ಮುಷ್ಕರ ಹೂಡಿದಾಗ ವಿಶ್ವವಿದ್ಯಾಲಯದ ಎಲ್ಲ ಕ್ಯಾಂಪಸ್ಸುಗಳಲ್ಲಿ ಸೇರಿ ಸಂಶೋಧಕರೊಂದಿಗೆ ಸುಮಾರು 48,000 ಮಂದಿ ಕೆಲಸ ನಿಲ್ಲಿಸಿದ್ದರು; ಸಹಾಯಕರ ಮುಷ್ಕರ ಆರು ವಾರ ನಡೆಯಿತು. ಅವರ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ಭಾವನೆ. ಆದರೆ ಪದವಿ ಓದು ಎಷ್ಟರ ಮಟ್ಟಿಗೆ ಅವರ ಹೆಗಲ ಮೇಲೆ ನಿಂತಿದೆ ಎಂಬುದು ಆ ಆರು ವಾರಗಳಲ್ಲಿ ಎಲ್ಲರಿಗೂ ಕಂಡಿತು. ಮೊದಲ ವರ್ಷದ ಮಗು ಪ್ರಾಧ್ಯಾಪಕರನ್ನು ಹತ್ತಿರದಿಂದ ಕಾಣಬೇಕಾದರೆ ಅವರ ಕಚೇರಿ ಸಮಯಕ್ಕೆ ತಾನಾಗಿ ಹೋಗಿ ಬಾಗಿಲು ತಟ್ಟಬೇಕು. ಯಾರೂ ಕರೆಯುವುದಿಲ್ಲ. ಸಂಕೋಚದ ಮಕ್ಕಳನ್ನು ಕಳಿಸುವ ತಂದೆತಾಯಿ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯ ವಿದ್ಯಾರ್ಥಿ ಕ್ಲಬ್ಬುಗಳದು. ಸೀಟಿನ ಆತಂಕ ಮುಗಿಯಿತೆಂದುಕೊಂಡ ಮಕ್ಕಳಿಗೆ ಕನ್ಸಲ್ಟಿಂಗ್ (ಕಂಪನಿಗಳಿಗೆ ಸಲಹೆ ಕೊಡುವ ಕೆಲಸ) ಮತ್ತು ಹೂಡಿಕೆಯ ಕ್ಲಬ್ಬುಗಳ ಆಯ್ಕೆ ಎದುರಾಗುತ್ತದೆ: ಅರ್ಜಿ, ಎರಡು ಸುತ್ತಿನ ಸಂದರ್ಶನ, ತಿರಸ್ಕಾರ. ದೊಡ್ಡ ಕಂಪನಿಗಳ ಇಂಟರ್ನ್‌ಶಿಪ್ಪಿಗೆ ತಯಾರಿ ಈ ಕ್ಲಬ್ಬುಗಳಲ್ಲಿ ನಡೆಯುವುದರಿಂದ, ಒಳಗಿದ್ದವರಿಗೂ ಹೊರಗಿದ್ದವರಿಗೂ ಅಂತರ ಬೆಳೆಯುತ್ತದೆ. ತೆರಿಗೆ ಹಣದಲ್ಲಿ ನಡೆಯುವ ಸಂಸ್ಥೆಯೊಳಗೆ ಹತ್ತೊಂಬತ್ತು ವರ್ಷದವರು ಹದಿನೆಂಟು ವರ್ಷದವರನ್ನು ಸಂದರ್ಶಿಸಿ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ. ಅದೇ ತಯಾರಿಯನ್ನು ಸ್ಕೂಲೇ ಎಲ್ಲರಿಗೂ ತರಗತಿಯ ರೂಪದಲ್ಲಿ ಕೊಡಬೇಕು. ತರಗತಿಯ ಸರಾಸರಿ ಗ್ರೇಡಿಗೆ ಮಿತಿ ಇರುವುದರ ಬಗ್ಗೆಯೂ ಮಕ್ಕಳು ದೂರಿದರು. ನನ್ನ ಪ್ರಕಾರ ಅದು ಸಹಿಸಬಹುದಾದ ಕಟ್ಟುನಿಟ್ಟು.

ಈ ಗೋಡೆಗಳ ಆಚೆ ಏನಿದೆ ಎಂಬುದು ನನ್ನ ಲೆಕ್ಕದಲ್ಲಿ ಅರ್ಧ ತೂಕದ ಅಂಶ. ಪ್ರತ್ಯೇಕ ಬಿಸಿನೆಸ್ ಕಾಲೇಜಿನಲ್ಲಿ ಓದುವವನಿಗೆ ಸುತ್ತಲೂ ಬಿಸಿನೆಸ್ಸಿನವರೇ. ಬರ್ಕ್ಲಿಯಲ್ಲಿ ಹತ್ತು ನಿಮಿಷ ನಡೆದರೆ ಕಂಪ್ಯೂಟರ್ ವಿಜ್ಞಾನ, ಇನ್ನೊಂದು ಕಡೆಗೆ ನಡೆದರೆ ದಕ್ಷಿಣ ಏಷ್ಯಾ ಅಧ್ಯಯನ. ಪ್ರತಿಯೊಬ್ಬ ಪದವಿ ವಿದ್ಯಾರ್ಥಿಯೂ ಅಮೆರಿಕದ ಸಂಸ್ಕೃತಿಗಳ ಬಗೆಗಿನ ಒಂದು ವಿಷಯವನ್ನು ಓದಲೇಬೇಕೆಂಬ ನಿಯಮ 1991ರಿಂದ ಇದೆ. ವಲಸೆ ಬಂದವರ ಮಕ್ಕಳಿಗೆ ಇದು ತಮ್ಮದೇ ಕಥೆಯನ್ನು ಓದುವ ಅವಕಾಶ. ಎಂಜಿನಿಯರಿಂಗ್ ಕೂಡ ಬೇಕೆನ್ನುವವರಿಗೆ ಎರಡೂ ಪದವಿಗಳನ್ನು ಒಟ್ಟಿಗೆ ಕೊಡುವ ಕೋರ್ಸೊಂದು 2017ರಿಂದ ನಡೆಯುತ್ತಿದೆ, ಅದರ ಪ್ರವೇಶ ಇನ್ನೂ ಕಠಿಣ.

ಈಗ ಬೆಲೆ. ಕ್ಯಾಲಿಫೋರ್ನಿಯಾದ ನಿವಾಸಿಗಳು ಕಟ್ಟುವ ಬೋಧನಾ ಶುಲ್ಕದ ಮೇಲೆ ಹೊರಗಿನವರು ಹೆಚ್ಚುವರಿ ಶುಲ್ಕವೊಂದನ್ನು ಕಟ್ಟಬೇಕು. ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2024ರ ನವೆಂಬರ್‌ನಲ್ಲಿ ಅದನ್ನು ಹೊಸದಾಗಿ ಸೇರುವವರಿಗೆ ವರ್ಷಕ್ಕೆ 34,200 ಡಾಲರ್‌ನಿಂದ 37,602 ಡಾಲರ್‌ಗೆ ಏರಿಸಿತು. ನಾಲ್ಕು ವರ್ಷಕ್ಕೆ ಇದೊಂದೇ ಒಂದೂವರೆ ಲಕ್ಷ ಡಾಲರ್ ಆಗುತ್ತದೆ. ಬೋಧನಾ ಶುಲ್ಕ, ಊಟ, ವಸತಿ, ವಿಮೆ ಎಲ್ಲವೂ ಇದರಿಂದ ಹೊರಗೆ. ಬೇರೆ ದೇಶದ ವಿದ್ಯಾರ್ಥಿಗಳಿಗೆ ಕುಟುಂಬದ ಆದಾಯ ನೋಡಿ ಕೊಡುವ ನೆರವು ಇಲ್ಲಿ ಸಿಗುವುದಿಲ್ಲ. ಇದೇ ರಾಜ್ಯದ, ನಿಗದಿತ ಮಿತಿಗಿಂತ ಕಡಿಮೆ ಆದಾಯದ ಕುಟುಂಬದ ಅರ್ಹ ಮಕ್ಕಳಿಗೆ ಬೋಧನಾ ಶುಲ್ಕವನ್ನು ಪೂರ್ತಿಯಾಗಿ ನೆರವಿನ ಹಣದಿಂದ ತುಂಬುವ ಯೋಜನೆ ಇದೆ. 2022ರಿಂದ ಸೇರುವ ಪ್ರತಿ ತಂಡಕ್ಕೂ ಬೋಧನಾ ಶುಲ್ಕವನ್ನು ಆರು ವರ್ಷದವರೆಗೆ ಏರಿಸದೆ ಇಡುವ ನಿಯಮ ಬಂದಿರುವುದು ಎಲ್ಲರಿಗೂ ಒಳ್ಳೆಯದೇ. ನಾಲ್ಕು ವರ್ಷದ ಬಜೆಟ್ಟನ್ನು ಮೊದಲ ದಿನವೇ ಬರೆಯಬಹುದು.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ನಮ್ಮ ಅನೇಕ ಕುಟುಂಬಗಳು, ತಾವು ಗ್ರೀನ್ ಕಾರ್ಡ್ ಪಡೆಯುವವರೆಗೆ ಹೊರಗಿನವರ ಶುಲ್ಕವೇ ಕಟ್ಟಬೇಕು ಎಂದುಕೊಂಡಿದ್ದಾರೆ. ಹಾಗಿಲ್ಲ. ಎಚ್-1ಬಿ ಮತ್ತು ಅವರ ಮಕ್ಕಳ ಎಚ್-4 ವೀಸಾದವರು ರಾಜ್ಯದಲ್ಲಿ 366 ದಿನ ವಾಸವಿದ್ದು ಇಲ್ಲಿಯೇ ನೆಲೆಸುವ ಉದ್ದೇಶವನ್ನು ದಾಖಲೆಗಳಿಂದ ತೋರಿಸಿದರೆ ಶುಲ್ಕದ ಮಟ್ಟಿಗೆ ನಿವಾಸಿಗಳಾಗಬಹುದು. ಮಗುವಿಗೆ 21 ತುಂಬಿದಾಗ ಎಚ್-4 ಮುಗಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು; ಪದವಿಯ ಕೊನೆಯ ವರ್ಷ ಆ ವಯಸ್ಸಿಗೇ ಬರುವುದರಿಂದ ವಿಶ್ವವಿದ್ಯಾಲಯದ ನಿವಾಸ ನಿರ್ಣಯ ಕಚೇರಿಯನ್ನು ಸೇರುವ ಮೊದಲೇ ಲಿಖಿತವಾಗಿ ಕೇಳಿಟ್ಟುಕೊಳ್ಳುವುದು ಲೇಸು. ವಸತಿಯ ವಿಚಾರದಲ್ಲಿ ಬರ್ಕ್ಲಿ ಕಷ್ಟದ ಊರು. ಮೊದಲ ವರ್ಷ ಕಳೆದ ಮೇಲೆ ಬಹುತೇಕರು ಹೊರಗೆ ಬಾಡಿಗೆ ಕೋಣೆ ಹುಡುಕುತ್ತಾರೆ. 2022ರಲ್ಲಿ ಸ್ಥಳೀಯರ ಸಂಘವೊಂದರ ಮೊಕದ್ದಮೆಯಿಂದ ದಾಖಲಾತಿಗೇ ತಡೆ ಬಿದ್ದು, ರಾಜ್ಯದ ಶಾಸನಸಭೆ ಮಾರ್ಚ್ ತಿಂಗಳಲ್ಲಿ ತುರ್ತಾಗಿ ಕಾನೂನು ತಿದ್ದಬೇಕಾಯಿತು.

ರ‍್ಯಾಂಕಿಂಗ್ ಬಗ್ಗೆ ಕೇಳುವವರಿಗೆ ಒಂದು ಮಾತು. ಅಮೆರಿಕದಲ್ಲಿ ಎಲ್ಲರೂ ನೋಡುವ ಯುಎಸ್ ನ್ಯೂಸ್ ಪಟ್ಟಿ ಬಿಸಿನೆಸ್ ಪದವಿಗೆ ರ‍್ಯಾಂಕ್ ಕೊಡುವುದು ಇತರ ಬಿಸಿನೆಸ್ ಸ್ಕೂಲುಗಳ ಡೀನ್ ಮತ್ತು ಹಿರಿಯ ಅಧ್ಯಾಪಕರ ಅಭಿಪ್ರಾಯ ಕೇಳಿ ಮಾತ್ರ; ತರಗತಿಯ ಗಾತ್ರವಾಗಲಿ ಕೆಲಸ ಸಿಕ್ಕವರ ಲೆಕ್ಕವಾಗಲಿ ಅದರಲ್ಲಿ ಇಲ್ಲ. ಹಾಸ್ ಅದರಲ್ಲಿ ಮುಂಚೂಣಿಯಲ್ಲೇ ಇರುತ್ತದೆ, ಆದರೆ ಎರಡು ಸ್ಥಾನ ಮೇಲೆ ಕೆಳಗೆ ಆದದ್ದಕ್ಕೆ ಮಕ್ಕಳ ಮುಂದೆ ಮುಖ ಬಾಡಿಸಿಕೊಳ್ಳುವುದು ಬೇಡ. ಮಾನ್ಯತೆಯ ವಿಷಯದಲ್ಲಿ ಸಂಶಯವೇ ಇಲ್ಲ: 1916ರಲ್ಲಿ ಎಎಸಿಎಸ್‌ಬಿ ಎಂಬ ಮಾನ್ಯತಾ ಸಂಸ್ಥೆಯನ್ನು ಹುಟ್ಟುಹಾಕಿದ 17 ಸ್ಕೂಲುಗಳಲ್ಲಿ ಬರ್ಕ್ಲಿಯೂ ಒಂದು. ಸಂಬಳದ ಅಂಕಿಗಳನ್ನು ಓದುವಾಗ ಎಷ್ಟು ಮಂದಿ ಸಮೀಕ್ಷೆಗೆ ಉತ್ತರಿಸಿದ್ದಾರೆ, ಹೇಳಿರುವುದು ಸರಾಸರಿಯೋ ಮಧ್ಯಮಾಂಕವೋ ಎಂದು ನೋಡಬೇಕು. ಕೇಂದ್ರ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಜಾಲತಾಣ ಒಳ್ಳೆಯ ಆಧಾರ, ಆದರೆ ಅದರ ಆದಾಯದ ಲೆಕ್ಕ ಕೇಂದ್ರದ ನೆರವು ಪಡೆದ ವಿದ್ಯಾರ್ಥಿಗಳದು ಮಾತ್ರ. ನಮ್ಮ ವೀಸಾದ ಮಕ್ಕಳು ಅದರಲ್ಲಿ ಬರುವುದೇ ಇಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬರುವವರು ಓದಿದ ಮೇಲೆ ಕೆಲಸ ಮಾಡಲು ಸಿಗುವ ಅವಧಿ 12 ತಿಂಗಳು. ವಿಜ್ಞಾನ ತಂತ್ರಜ್ಞಾನದ ಪಟ್ಟಿಯಲ್ಲಿರುವ ಪದವಿಗೆ ಮಾತ್ರ ಇನ್ನೂ 24 ತಿಂಗಳು ಸೇರುತ್ತದೆ. ತಮ್ಮ ಪದವಿಯ ಸಂಕೇತ ಸಂಖ್ಯೆ ಯಾವುದೆಂದು ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ನೋಡಿಕೊಂಡೇ ಸಾಲದ ಅರ್ಜಿಗೆ ಸಹಿ ಹಾಕಬೇಕು.

ನನ್ನ ತೀರ್ಮಾನ ಹೀಗಿದೆ. ನಿವಾಸಿಗಳ ಶುಲ್ಕ ಕಟ್ಟುವ ಕುಟುಂಬಕ್ಕೆ, ತಾನಾಗಿ ಹೋಗಿ ಬಾಗಿಲು ತಟ್ಟುವ ಸ್ವಭಾವದ ಮಗುವಿಗೆ, ಇದಕ್ಕಿಂತ ಒಳ್ಳೆಯ ಬಿಸಿನೆಸ್ ಪದವಿಯನ್ನು ಇದೇ ಬೆಲೆಗೆ ನಾನು ಕಂಡಿಲ್ಲ. ಸಮುದಾಯ ಕಾಲೇಜಿನ ದಾರಿಯಲ್ಲಿ ಬಂದವರಿಗೆ ಇನ್ನೂ ಒಳ್ಳೆಯದು. ಊರಿನಲ್ಲಿ ಮನೆ ಅಡವಿಟ್ಟು ಹೊರಗಿನವರ ಶುಲ್ಕ ಕಟ್ಟಬೇಕೆಂದಿರುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಕೋರ್ಸಿನಲ್ಲಿ ದೋಷವಿದೆಯೆಂದಲ್ಲ, ಈ ಸಂಸ್ಥೆಯ ಬೆಲೆಯನ್ನು ಕಡಿಮೆಯಾಗಿಟ್ಟಿರುವುದು ಈ ರಾಜ್ಯದ ತೆರಿಗೆ, ಹೊರಗಿನಿಂದ ಬಂದವರು ಅದೇ ತರಗತಿಯಲ್ಲಿ ಕುಳಿತು ಖಾಸಗಿ ವಿಶ್ವವಿದ್ಯಾಲಯಕ್ಕೆ ಹತ್ತಿರದ ಬೆಲೆಯನ್ನು ತೆರುತ್ತಾರೆ.

ಮಗನ ಅರ್ಜಿಯ ಕೆಲಸ ಈಗ ನಡೆಯುತ್ತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕಗಳನ್ನು ನೋಡುವುದಿಲ್ಲ. ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ ಒಂದೊಂದಕ್ಕೂ 350 ಪದದೊಳಗೆ ಉತ್ತರ ಬರೆಯಬೇಕು. ಎರಡನ್ನು ಬರೆದು ಅಕ್ಕನಿಗೆ ಓದಲು ಕೊಟ್ಟ. ಅವಳು ವಾಕ್ಯಗಳನ್ನು ತಿದ್ದಲಿಲ್ಲ. "ಹಾಸ್‌ನಲ್ಲಿ ಸಿಗದಿದ್ದರೆ ನೀನು ಏನು ಓದುತ್ತೀಯ, ಅದನ್ನು ಮೊದಲು ಹೇಳು" ಎಂದು ಕೇಳಿದಳು. ಅವನು ಮೂರು ದಿನ ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಅರ್ಜಿಯನ್ನು ತೆರೆದು ನನಗೆ ತೋರಿಸಿದ: ಬರ್ಕ್ಲಿಯ ಮುಂದೆ ಬಿಸಿನೆಸ್ ಎಂದಿದೆ, ಡೇವಿಸ್ ಮತ್ತು ಸಾಂಟಾ ಬಾರ್ಬರಾ ಕ್ಯಾಂಪಸ್ಸುಗಳ ಮುಂದೆ ಅರ್ಥಶಾಸ್ತ್ರ ಎಂದು ಬರೆದಿದ್ದಾನೆ.